ನಿಂತ ಕಾರಿನ ಸ್ಟಿಯರಿಂಗ್ ತಿರುಗಿಸಿದರೆ ‘ಟಂಗ್’ ಶಬ್ದ: ಸ್ಟ್ರಟ್ ಬದಲಿಸಬೇಕಾ?

ಪ್ರಶ್ನೆ: ಪೆಟ್ರೋಲ್ ಹ್ಯಾಚ್‌ಬ್ಯಾಕ್, 78,000 ಕಿ.ಮೀ. ಓಡಿದೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಮುಂದೆ ಎಡಗಡೆ ಸ್ಪ್ರಿಂಗ್ ಮೀಟಿದ ಹಾಗೆ ‘ಟಂಗ್’ ಅನ್ನುತ್ತೆ. ಹಂಪ್ ಮೇಲೆ ಶಬ್ದ ಇಲ್ಲ, ಎಣ್ಣೆ ಸೋರಿಲ್ಲ. ಗ್ಯಾರೇಜಿನಲ್ಲಿ ಎರಡೂ ಸ್ಟ್ರಟ್ ಹೊಸದು ಹಾಕಿಸಿ ಅಂತಾರೆ. ಬೇಕಾ?

ಉತ್ತರ 1: ಈಗಲೇ ಬೇಡ ಸರ್. ಇದು ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿದಿರುವ ಮೌಂಟ್‌ನ ಬೇರಿಂಗ್ ಹೋಗಿರುವ ಲಕ್ಷಣ.

ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಸೇರಿ ಒಂದೇ ಕಂಬ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತ ನಿಲ್ಲಿಸುವುದು ಒಳಗಿನ ಪಿಸ್ಟನ್ ಕವಾಟದ ಸಣ್ಣ ರಂಧ್ರಗಳಲ್ಲಿ ನುಗ್ಗುವ ಎಣ್ಣೆ. ಕಂಬದ ಬುಡ ನಕಲ್‌ಗೆ (ಚಕ್ರವನ್ನು ಹೊತ್ತು ತಿರುಗುವ ಭಾಗ) ಬೋಲ್ಟ್ ಆಗಿರುವುದರಿಂದ ಸ್ಟಿಯರಿಂಗ್ ತಿರುಗಿದಾಗ ಸ್ಪ್ರಿಂಗ್ ಕೂಡ ತಿರುಗಲೇಬೇಕು. ನೀರು, ಮಣ್ಣು ಹೊಕ್ಕು ಬೇರಿಂಗ್ ಹಿಡಿದುಕೊಂಡರೆ ಸ್ಪ್ರಿಂಗಿನ ಕೆಳತುದಿ ಮಾತ್ರ ತಿರುಗುತ್ತೆ. ಹೀಗೆ ಹುರಿಗೊಂಡ ಸ್ಪ್ರಿಂಗ್ ಒಮ್ಮೆಲೇ ಜಾರಿದಾಗ ಬರುವುದೇ ಆ ‘ಟಂಗ್’.

ಖಚಿತ ಮಾಡಿಕೊಳ್ಳಲು ಸ್ಪ್ರಿಂಗಿನ ಮೇಲಿನ ಸುತ್ತಿಗೆ ಸೀಮೆಸುಣ್ಣದ ಗುರುತು ಹಾಕಿ. ಗಾಡಿ ನೆಲದ ಮೇಲೇ ಇರಲಿ, ಇನ್ನೊಬ್ಬರು ನಿಧಾನವಾಗಿ ಸ್ಟಿಯರಿಂಗ್ ತಿರುಗಿಸಲಿ, ನೀವು ಟಾರ್ಚ್ ಹಿಡಿದು ನೋಡಿ. ಗುರುತು ಸರಾಗವಾಗಿ ಸಾಗಿದರೆ ಬೇರಿಂಗ್ ಸರಿ ಇದೆ. ನಿಂತು ನಿಂತು ಹಾರಿದರೆ ಹೋಗಿದೆ. ಕೈ ಒಳಗೆ ತೂರಿಸಬೇಡಿ. ಓಡುವಾಗ ಪೂರ್ತಿ ತಿರುವಿನಲ್ಲಿ ‘ಕಟ ಕಟ’ ಅಂದರೆ ಅದು ಬೇರೆ ಕಥೆ, ಚಕ್ರಕ್ಕೆ ಎಂಜಿನ್ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಕೀಲು, ಅಂದರೆ ಸಿವಿ ಜಾಯಿಂಟ್ ನೋಡಬೇಕು.

ಪ್ರಶ್ನೆ: ಗುರುತು ನಿಂತು ಹಾರುತ್ತಿದೆ. ಮನೆಯಲ್ಲೇ ಬಿಚ್ಚಬಹುದಾ?

ಉತ್ತರ 2: ಸ್ಪ್ರಿಂಗ್ ಕುಗ್ಗಿಸಿ ಹಿಡಿಯುವ ಸಾಧನ (ಸ್ಪ್ರಿಂಗ್ ಕಂಪ್ರೆಸರ್) ಇಲ್ಲದಿದ್ದರೆ ಬೇಡವೇ ಬೇಡ. ಬಾನೆಟ್ ತೆಗೆದರೆ ಕಾಣುವ ನಡುವಿನ ನಟ್ಟೇ ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು. ಸ್ಪ್ರಿಂಗ್ ಕುಗ್ಗಿಸದೆ ಅದನ್ನು ಬಿಚ್ಚಿದರೆ ಮೌಂಟ್ ಗುಂಡಿನ ಹಾಗೆ ಹಾರುತ್ತೆ. ಸುತ್ತಲಿನ ಸಣ್ಣ ನಟ್‌ಗಳನ್ನು ಮಾತ್ರ ತೆಗೆದು ಕಂಬವನ್ನು ಇಡಿಯಾಗಿ ಇಳಿಸಿ.

ಅದಕ್ಕೂ ಮೊದಲು ಜಾಕ್ ಸ್ಟ್ಯಾಂಡ್ ಕೊಟ್ಟು, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್, ಸ್ಟ್ರಟ್ಟನ್ನು ಸ್ಟೆಬಿಲೈಸರ್ ಬಾರ್‌ಗೆ ಜೋಡಿಸುವ ಲಿಂಕ್ ರಾಡ್ ಬಿಡಿಸಿ. ನಕಲ್‌ನ ಎರಡು ಬೋಲ್ಟ್ ಕೂತಿರುವ ಜಾಗಕ್ಕೆ ಪೇಂಟ್ ಗುರುತು ಹಾಕಿ. ರಂಧ್ರದ ಸಡಿಲದಲ್ಲೇ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವ ಕೋನ) ಬದಲಾಗುತ್ತೆ. ನಕಲ್ ಜೋತುಬಿದ್ದು ಹೋಸ್ ಎಳೆಯದಂತೆ ತಂತಿಯಲ್ಲಿ ಕಟ್ಟಿ.

ಕಂಪ್ರೆಸರಿನ ಎರಡು ಹಿಡಿಗಳನ್ನು ಎದುರುಬದುರು ಕೂರಿಸಿ, ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸ್ಪ್ರಿಂಗ್ ತಾನು ಕೂರುವ ತಟ್ಟೆಯಲ್ಲಿ (ಸೀಟು) ಅಲುಗುವಷ್ಟು ಸಡಿಲವಾದ ಮೇಲೆಯೇ ನಡುವಿನ ನಟ್ ಮುಟ್ಟಿ. ನಟ್ ಜೊತೆ ಪಿಸ್ಟನ್ ರಾಡ್ ಕೂಡ ತಿರುಗುತ್ತೆ ಅಂತ ಪ್ಲೈಯರ್‌ನಲ್ಲಿ ಹಿಡಿದರೆ ಕ್ರೋಮ್ ಗೀರಿ ಸೀಲ್ ಸೋರುತ್ತೆ, ಆಗ ನಿಜವಾಗಿಯೂ ಹೊಸ ಸ್ಟ್ರಟ್ಟೇ ಬೇಕಾಗುತ್ತೆ. ಅಲೆನ್ ಕೀ ಕೂರಿಸಲು ರಾಡಿನ ತುದಿಯಲ್ಲೇ ಜಾಗ ಇರುತ್ತೆ. ಜೋಡಿಸುವಾಗ ಸ್ಪ್ರಿಂಗಿನ ಕೆಳತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ಕೂರಲಿ.

ಉತ್ತರ 1: ಬಿಚ್ಚಿದ ಮೇಲೆ ರಬ್ಬರ್ ಮೌಂಟ್, ಬಂಪ್ ಸ್ಟಾಪ್ (ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ತುಂಡು), ರಾಡಿಗೆ ಧೂಳು ತಾಗದಂತೆ ಮುಚ್ಚುವ ಬೂಟನ್ನೂ ನೋಡಿ, ಹರಿದಿದ್ದರೆ ಬದಲಿಸಿ, ಮತ್ತೆ ಅದಕ್ಕೇ ಇಷ್ಟೆಲ್ಲ ಬಿಚ್ಚುವ ಕೆಲಸ ತಪ್ಪುತ್ತೆ. ರಾಡಿನ ಬಳಿ ಎಣ್ಣೆಯ ತೆಳು ಪಸೆ ಇದ್ದರೆ ಚಿಂತೆಯಿಲ್ಲ. ಕೊಳವೆಯ ಉದ್ದಕ್ಕೂ ಇಳಿದಿದ್ದರೆ, ಇಲ್ಲವೇ ಟೈರ್ ಅಲ್ಲಲ್ಲಿ ಗುಳಿ ಬಿದ್ದು ಸವೆದಿದ್ದರೆ ಸ್ಟ್ರಟ್ ಸೋತಿದೆ ಅಂತಲೇ. ಆಗ ಮಾತ್ರ ಎಡ ಬಲ ಎರಡನ್ನೂ ಹಾಕಿಸಿ. ಎಷ್ಟೇ ಗುರುತು ಹಾಕಿದ್ದರೂ ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ.