ಹಳೆಯ ಮರದ ದೋಣಿ ಕೊಳ್ಳುವ ಮುನ್ನ: ಆರೈಕೆ ನಿಜಕ್ಕೂ ಎಷ್ಟು?

ಹೊಸ ಚುಕ್ಕಾಣಿ:
ಮಾನ್ಯ ಸದಸ್ಯರೇ, 28 ಅಡಿ ಉದ್ದದ ಹಳೆಯ ಹಾಯಿದೋಣಿಯೊಂದನ್ನು ಕೊಳ್ಳುವ ಆಲೋಚನೆಯಲ್ಲಿದ್ದೇನೆ. ಓಕ್ ಮರದ ಪಕ್ಕೆಲುಬುಗಳಿಗೆ ಮಹೋಗನಿ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಕಟ್ಟಿದ ದೋಣಿ ಅದು. 60 ವರ್ಷ ದಾಟಿದೆ. ವಾರ್ನಿಷ್ ಕನ್ನಡಿಯಂತೆ ಹೊಳೆಯುತ್ತಿದೆ, ಆದರೆ ಎರಡು ಬೇಸಿಗೆ ದಡದ ಮೇಲೆಯೇ ನಿಂತಿದ್ದರಿಂದ ತಳದ ಸಂದುಗಳಲ್ಲಿ ಉಗುರು ತೂರುವಷ್ಟು ಬಿರುಕು ಕಾಣುತ್ತದೆ. ನೀರಿಗಿಳಿಸಿದರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಎಂದು ಮಾರುವವರು ಹೇಳುತ್ತಾರೆ. ಹೊರಮೈಗೆಲ್ಲ ಒಮ್ಮೆ ಫೈಬರ್‌ಗ್ಲಾಸ್ ಹೊದಿಸಿಬಿಟ್ಟರೆ ಮುಂದಿನ ತಲೆನೋವೇ ಇರದು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ನನಗೆ ಬಡಗಿ ಕೆಲಸ ಅಲ್ಪಸ್ವಲ್ಪ ಗೊತ್ತು, ವಾರಾಂತ್ಯದಲ್ಲಿ ಬಿಡುವಿರುತ್ತದೆ. ಇಂಥ ದೋಣಿ ವರ್ಷಕ್ಕೆ ಎಷ್ಟು ಆರೈಕೆ ಬೇಡುತ್ತದೆ?

ಹಳೆಯ ಹಲಗೆ:
ಮಾರುವವರ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಣಗಿ ಕುಗ್ಗಿದ ಹಲಗೆಗಳು ನೀರು ಕುಡಿದು ಉಬ್ಬಿ, ಸಂದಿನಲ್ಲಿ ಬಡಿದು ತುಂಬಿದ ಹತ್ತಿಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ. ಈ ಬಗೆಯ ದೋಣಿ ನೀರು ತಡೆಯುವುದೇ ಹಾಗೆ. ಹತ್ತಿಯೇ ಕೊಳೆತಿದ್ದರೆ ಎಷ್ಟು ಉಬ್ಬಿದರೂ ಪ್ರಯೋಜನವಿಲ್ಲ. ಬಿರುಕು ಕಂಡಿತೆಂದು, ಒಣಗಿರುವಾಗಲೇ ಅದಕ್ಕೆ ಗಟ್ಟಿಯಾಗುವ ಎಪಾಕ್ಸಿ ತುಂಬಲು ಮಾತ್ರ ಹೋಗಬೇಡಿ: ಉಬ್ಬಲು ಜಾಗ ಸಿಗದ ಹಲಗೆ ಮೊಳೆಗಳನ್ನು ಸಡಿಲಿಸುತ್ತದೆ, ಪಕ್ಕೆಲುಬನ್ನೇ ಮುರಿಯಲೂಬಹುದು. ಒಳಗೆ ಒದ್ದೆ ಗೋಣಿಚೀಲ ಹಾಸಿ ಕೆಲವು ದಿನ ನೆನೆಸಿ, ಆಮೇಲೆ ಕ್ರೇನಿನ ಪಟ್ಟಿಗಳಲ್ಲೇ ರಾತ್ರಿಯಿಡೀ ನೀರಿನಲ್ಲಿ ನಿಲ್ಲಿಸಿ, ಪಂಪಿನ ಪಕ್ಕ ಎಚ್ಚರವಾಗಿ ಕುಳಿತುಕೊಳ್ಳುವುದು ವಾಡಿಕೆ.

ಹೊಸಬರು ಕೆಳಗಿನಿಂದ ಒಸರುವ ಉಪ್ಪುನೀರಿಗೆ ಹೆದರುತ್ತಾರೆ. ದೋಣಿಯನ್ನು ಕೊಲ್ಲುವುದು ಮೇಲಿನಿಂದ ಇಳಿಯುವ ಮಳೆನೀರು. ಮರದ ತೇವಾಂಶ ಶೇ 20ರೊಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯದು, ಉಪ್ಪೂ ಅದಕ್ಕೆ ಒಗ್ಗದು. ನನ್ನ ದೋಣಿಯ ಡೆಕ್ಕಿನಲ್ಲಿ ಒಂದು ಬೋಲ್ಟಿನ ಸುತ್ತ ಅಂಟು ಬಿಟ್ಟು, ಬೀರುವಿನ ಹಿಂದೆ ತೊಟ್ಟುತೊಟ್ಟಾಗಿ ನೀರಿಳಿಯುತ್ತಿತ್ತು. ಅಲ್ಲಿನ ತೊಲೆಯ ಬಣ್ಣ ಅಚ್ಚುಕಟ್ಟಾಗಿಯೇ ಇತ್ತು. ದಬ್ಬಣ ಒತ್ತಿದರೆ ಒದ್ದೆ ಮಣ್ಣಿಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು. ಬೋಲ್ಟ್ ಬಿಚ್ಚಿ ಮತ್ತೆ ಕೂರಿಸುವ ಅರ್ಧ ದಿನದ ಕೆಲಸವನ್ನು ಮುಂದೂಡಿದ್ದಕ್ಕೆ, ತೊಲೆಯ ತುದಿಯನ್ನೇ ಕತ್ತರಿಸಿ, 1 ಅಂಗುಲ ದಪ್ಪಕ್ಕೆ 8 ಅಂಗುಲದ ಇಳಿಜಾರು ಕೊಟ್ಟು ಹೊಸ ಮರ ಬೆಸೆಯಬೇಕಾಯಿತು. ಆ ವರ್ಷ ಹಾಯಿ ಬಿಚ್ಚಲೇ ಇಲ್ಲ.

ಕಂಚಿನ ಮೊಳೆ:
ಫೈಬರ್‌ಗ್ಲಾಸ್ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಇಂಥ ಹಲಗೆಗಳು ಹೊದಿಕೆಯ ಕೆಳಗೂ ಉಬ್ಬಿ ಕುಗ್ಗುತ್ತಲೇ ಇರುತ್ತವೆ. ಅಂಟು ಅಲ್ಲಲ್ಲಿ ಬಿಡುತ್ತದೆ, ಒಳಗಿನಿಂದ ಸೇರಿದ ನೀರಿಗೆ ಹೊರದಾರಿ ಇರುವುದಿಲ್ಲ, ಕೊಳೆತವನ್ನು ಹೊರಗಿನಿಂದ ನೋಡುವ ದಾರಿಯೂ ಮುಚ್ಚಿಹೋಗುತ್ತದೆ.

ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಲೋಹವನ್ನು. ಕಬ್ಬಿಣದ ಮೊಳೆಯಾಗಿದ್ದರೆ ಓಕ್ ಮರದ ಟ್ಯಾನಿನ್ ಎಂಬ ಒಗರು ಆಮ್ಲ ಅದನ್ನು ತಿನ್ನುತ್ತದೆ, ಮೊಳೆಯ ಸುತ್ತ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಹಿತ್ತಾಳೆಯ ಸ್ಕ್ರೂ ಸಮುದ್ರದ ನೀರಿನಲ್ಲಿ ಸತುವನ್ನು ಕಳೆದುಕೊಂಡು ನಸುಗೆಂಪಾಗಿ, ತಿರುಗಿಸಿದರೆ ಪುಡಿಯಾಗುತ್ತದೆ. ಸಿಲಿಕಾನ್ ಕಂಚು ಬಾಳುತ್ತದೆ. ಒಂದು ಲೋಹದ ಪಕ್ಕ ಇನ್ನೊಂದನ್ನು ಇಟ್ಟರೆ ಏನಾಗುತ್ತದೆ ಎಂಬುದನ್ನು ಬ್ರಿಟಿಷ್ ನೌಕಾಪಡೆಯೇ ದುಬಾರಿಯಾಗಿ ಕಲಿತಿದೆ: ಮರಕೊರಕ ಹುಳುವನ್ನು ತಡೆಯಲು 1761ರಲ್ಲಿ ‘ಅಲಾರ್ಮ್’ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿದರು, ತಾಮ್ರ ತಾಗಿದ ಕಡೆಯೆಲ್ಲ ಕಬ್ಬಿಣ ತುಕ್ಕು ಹಿಡಿದು ಸವೆದಿತ್ತು. ಹಾಗೆಂದು, ತಾವೇ ಮೊದಲು ಸವೆದು ಉಳಿದ ಲೋಹವನ್ನು ಕಾಯುವ ಸತುವಿನ ತುಂಡುಗಳನ್ನು ಸಿಕ್ಕಸಿಕ್ಕಲ್ಲಿ ಕಟ್ಟಬೇಡಿ; ಅತಿಯಾದರೆ ಲೋಹದ ಸುತ್ತ ಕ್ಷಾರ ಕೂಡಿ ಮರವೇ ನಾರುನಾರಾಗುತ್ತದೆ.

ಬ್ರಷ್ ಹಿಡಿದವರು:
ತಾವು ಕೇಳಿದ್ದು ಸಮಯದ ಲೆಕ್ಕ, ಅದನ್ನು ಯಾರೂ ಹೇಳಲಿಲ್ಲ. ನನ್ನ 24 ಅಡಿಯ ದೋಣಿ ವರ್ಷಕ್ಕೆ ಆರು ವಾರಾಂತ್ಯ ತೆಗೆದುಕೊಳ್ಳುತ್ತದೆ: ತಳ ಉಜ್ಜಿ ತಾಮ್ರಯುಕ್ತ ಬಣ್ಣ ಬಳಿಯಲು ಎರಡು, ವಾರ್ನಿಷ್‌ಗೆ ಮೂರು, ಉಳಿದ ಚಿಲ್ಲರೆ ಕೆಲಸಕ್ಕೆ ಒಂದು. ಬಣ್ಣ ಗೀಚಿಹೋದ ಜಾಗವನ್ನು ಹಾಗೆಯೇ ಬಿಡಬೇಡಿ. ಮರಕೊರಕ ಹುಳು ಮರಿಯಾಗಿದ್ದಾಗ ಸೂಜಿಮೊನೆಯಷ್ಟು ರಂಧ್ರದಲ್ಲಿ ನುಗ್ಗಿ ಒಳಗೇ ಬೆಳೆಯುವುದರಿಂದ, ಹೊರಗೆ ಏನೂ ಕಾಣುವುದಿಲ್ಲ. ಬರಿಮರದ ಮೇಲೆ ಆರೆಂಟು ಕೋಟ್ ವಾರ್ನಿಷ್ ಕಟ್ಟಿದ ಮೇಲೆ, ಹೊಳಪು ಕುಂದುವ ಮುಂಚೆಯೇ ಪ್ರತಿವರ್ಷ ಎರಡು ಕೋಟ್ ಹಾಕಿದರೆ ಸಾಕು. ಒಮ್ಮೆ ಪದರ ಎದ್ದು ಅಡಿಯಲ್ಲಿ ಮರ ಕಪ್ಪಾಯಿತೆಂದರೆ ಎಲ್ಲವನ್ನೂ ಕೆರೆದು ಮೊದಲಿನಿಂದ ಶುರು ಮಾಡಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿದ್ದಾಗ ಉಜ್ಜಬೇಡಿ. ಎರಡೂ ತುದಿಯಲ್ಲಿ ಗಾಳಿಯಾಡುವ ಕ್ಯಾನ್ವಾಸ್ ಹೊದಿಕೆಯೊಂದನ್ನು ಮೊದಲ ದಿನವೇ ಹೊಲಿಸಿ.

ಹೊಸ ಚುಕ್ಕಾಣಿ:
ಎಲ್ಲರಿಗೂ ವಂದನೆಗಳು. ಬೇರೆ ಬೇರೆ ಕಡೆ ನಾಲ್ಕು ಸ್ಕ್ರೂಗಳನ್ನು ಹೊರತೆಗೆದು ನೋಡಲು ಅನುಮತಿ ಕೇಳಿದೆ. ಮೂರಕ್ಕೆ ಒಪ್ಪಿದ್ದಾರೆ, ಬೀರುವಿನ ಹಿಂದಿನ ಒಂದನ್ನು ಮುಟ್ಟಬೇಡಿ ಎಂದರು. ಶನಿವಾರ ದಬ್ಬಣ ಹಿಡಿದು ಅಲ್ಲಿಗೇ ಮೊದಲು ಹೋಗುತ್ತೇನೆ.