ತಂಗಿ, ಆ ಬಕೆಟ್ ಪಕ್ಕಕ್ಕಿಡು

ತಂಗಿ, ಈಗಷ್ಟೇ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್, ಫೋಟೋ ನೋಡಿದೆ. ಹಿತ್ತಲಿನ ಬೆಳ್ಳುಳ್ಳಿ ಕಿತ್ತಿದ್ದೀಯ, ಗಡ್ಡೆಗೆಲ್ಲ ಎರೆಮಣ್ಣು ಮೆತ್ತಿದೆ, ಸಿಪ್ಪೆ ಕಪ್ಪಾಗಿದೆ, ಬಕೆಟ್ಟಿನಲ್ಲಿ ತೊಳೆದು ತಾರಸಿ ಮೇಲೆ ಬಿಸಿಲಿಗೆ ಹಾಕಲಾ ಅಂತ ಕೇಳಿದ್ದೀಯ. ಬೇಡ. ತೊಳೆಯಬೇಡ, ಬಿಸಿಲಿಗೂ ಹಾಕಬೇಡ. ಬಕೆಟ್ ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಕೇಳು. ಸ್ವಲ್ಪ ಉದ್ದವಾಗುತ್ತದೆ, ನಾಲ್ಕು ತಿಂಗಳು ಕಾದು ಬೆಳೆದಿದ್ದು ಕೊಳೆತು ಹೋಗಬಾರದು ಅಂತ ಹೇಳುತ್ತಿದ್ದೇನೆ.

ಕಾಕಾ, ನೀವು ಮೇಲೆ 'ನಾವು ಬಿಸಿಲಲ್ಲೇ ಒಣಗಿಸುತ್ತಿದ್ದೆವು' ಅಂತ ಬರೆದಿದ್ದೀರಿ. ನಿಜ, ನಾನೂ ನೋಡಿದ್ದೇನೆ. ಆದರೆ ಹೊಲದಲ್ಲಿ ಹೇಗೆ ಹಾಕುತ್ತಿದ್ದಿರಿ ನೆನಪು ಮಾಡಿಕೊಳ್ಳಿ. ಒಂದು ಸಾಲಿನ ತಪ್ಪಲು, ಅಂದರೆ ಎಲೆ, ಹಿಂದಿನ ಸಾಲಿನ ಗಡ್ಡೆಯನ್ನು ಮುಚ್ಚುವ ಹಾಗೆ ಮಲಗಿಸುತ್ತಿದ್ದಿರಿ, ಅಲ್ವಾ? ಬಿಸಿಲು ತಪ್ಪಲಿಗೆ ಬೀಳುತ್ತಿತ್ತು, ಗಡ್ಡೆಗೆ ಅಲ್ಲ. ತಾರಸಿಯ ಸಿಮೆಂಟು ಕಾದು ಸುಡುತ್ತದೆ. ಅದರ ಮೇಲೆ ಹಸಿ ಗಡ್ಡೆ ಹರಡಿದರೆ ಎಸಳು ಒಳಗೇ ಬೇಯುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ. ತಿಂಗಳು ಬಿಟ್ಟು ಸುಲಿದರೆ ಎಸಳು ಹಳದಿಯಾಗಿ, ಮೇಣದ ಹಾಗೆ ಅಂಟಂಟಾಗಿರುತ್ತದೆ.

ಇನ್ನು ತೊಳೆಯುವ ಮಾತು. ಎರೆಮಣ್ಣು ಅಂಟಿದೆ ಅಂತ ನಿನಗೆ ಕಸಿವಿಸಿ ಆಗುತ್ತಿದೆ, ಗೊತ್ತು. ಆದರೆ ಈ ವರ್ಷ ಹಸ್ತ, ಚಿತ್ತಿ ಎರಡೂ ಮಳೆ ಬಿಡದೆ ಸುರಿದಿವೆ. ಗಡ್ಡೆ ಈಗಾಗಲೇ ಬೇಕಾದ್ದಕ್ಕಿಂತ ಜಾಸ್ತಿ ನೀರು ಕುಡಿದಿದೆ. ಮತ್ತೆ ತೊಳೆದರೆ ಸಿಪ್ಪೆಯ ಪದರಗಳ ನಡುವೆ ನೀರು ಇಳಿದು ಅಲ್ಲೇ ನಿಲ್ಲುತ್ತದೆ. ಹೆಂಟೆ ಇದ್ದರೆ ಕೈಯಿಂದ ಮೆಲ್ಲಗೆ ಬಿಡಿಸು, ಅಷ್ಟು ಸಾಕು. ಒಂದಕ್ಕೊಂದು ಕುಟ್ಟಿ ಮಣ್ಣು ಉದುರಿಸಬೇಡ. ಹಸಿ ಬೆಳ್ಳುಳ್ಳಿಗೆ ಪೆಟ್ಟಾದರೆ ಅಲ್ಲಿಂದಲೇ ಕೊಳೆ ಶುರು. ಉಳಿದ ಮಣ್ಣು ಒಣಗಿದ ಮೇಲೆ ಹೊರಗಿನ ಸಿಪ್ಪೆಯ ಜೊತೆ ತಾನಾಗಿ ಉದುರುತ್ತದೆ.

ಈಗ ಮಾಡಬೇಕಾದ್ದು ಗಾಳಿ ಕೊಡುವುದು. ನಿಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಅಜ್ಜಿಯ ಹಳೇ ನಾರಿನ ಹೊರಸು ಇದೆಯಲ್ಲ, ಅದನ್ನು ತೆಗೆ. ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೆಳಗಿನಿಂದಲೂ ಗಾಳಿ, ಮೇಲಿನಿಂದಲೂ ಗಾಳಿ. ಬೇರು, ತಪ್ಪಲು ಯಾವುದನ್ನೂ ಕತ್ತರಿಸದೆ ಒಂದೇ ಪದರವಾಗಿ ಹರಡು. ಜಾಗ ಸಾಲದಿದ್ದರೆ ಎಂಟು ಹತ್ತು ಗಿಡ ಸೇರಿಸಿ ಸಡಿಲವಾಗಿ ಕಟ್ಟಿ ಜಂತಿಗೆ ತೂಗುಹಾಕು. ನಮ್ಮವ್ವ ಜಡೆ ಹೆಣೆದು ಒಲೆಯ ಮೇಲಿನ ಜಂತಿಗೆ ಕಟ್ಟುತ್ತಿದ್ದಳು, ಹೊಗೆಗೆ ಹುಳವೂ ಬರುತ್ತಿರಲಿಲ್ಲ. ನೀನು ಈಗಲೇ ಜಡೆ ಹಾಕಬೇಡ. ಮಳೆಗೆ ತಪ್ಪಲು ಮೆತ್ತಗಾಗಿದೆ, ಹೆಣೆದ ಕಡೆಯೆಲ್ಲ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಮಳೆ ಬಂದು ಹವಾ ತಂಪಾದ ದಿನ ಒಂದು ಫ್ಯಾನ್ ಹಾಕಿಡು. ರಾತ್ರಿಯೂ ಓಡಲಿ.

ಎಷ್ಟು ದಿನ ಅಂತ ಕೇಳಿದ್ದೀಯ. ಒಳ್ಳೆಯ ಹವಾ ಇದ್ದರೆ ಎರಡು ಮೂರು ವಾರ, ಈ ವರ್ಷದ ಹಾಗೆ ತೇವ ಇದ್ದರೆ ನಾಲ್ಕು. ಆದರೆ ದಿನ ಎಣಿಸಬೇಡ, ಕುತ್ತಿಗೆ ನೋಡು. ಬೆಳ್ಳುಳ್ಳಿ ಹೊರಗೆ ಒಣಗಿದ ಹಾಗೆ ಕಂಡರೂ ಕುತ್ತಿಗೆಯೊಳಗೆ ಹಸಿ ಇರುತ್ತದೆ. ಗಡ್ಡೆಗಿಂತ ಒಂದು ಇಂಚು ಮೇಲೆ ಬೆರಳಲ್ಲಿ ಹಿಸುಕು. ಒಳಗೆ ಏನೋ ಜಾರಿದ ಹಾಗೆ ಅನಿಸಿದರೆ ಇನ್ನೂ ಆಗಿಲ್ಲ. ಒಂದು ಗಡ್ಡೆಯ ಕುತ್ತಿಗೆ ಅಲ್ಲೇ ಕತ್ತರಿಸಿ ನೋಡು. ನಡುವೆ ಹಸಿರು ಚುಕ್ಕೆ ಕಂಡರೆ, ಬೆರಳಿಗೆ ಪಸೆ ಹತ್ತಿದರೆ ಇನ್ನೊಂದು ವಾರ ಬಿಡು. ಕಾಗದ ಮುಟ್ಟಿದ ಹಾಗೆ ಒಣಗಿರಬೇಕು. ನಾನು ತೂಕದ ಲೆಕ್ಕವನ್ನೂ ಇಡುತ್ತೇನೆ. ಹೋದ ವರ್ಷ ಒಂದು ಕಟ್ಟು ಮೊದಲ ದಿನ 1 ಕೆಜಿ 200 ಗ್ರಾಂ ಇತ್ತು. ನಾಲ್ಕು ದಿನಕ್ಕೊಮ್ಮೆ ಅದನ್ನೇ ತೂಗಿದೆ. 700 ಗ್ರಾಂಗೆ ಬಂದು ಅಲ್ಲೇ ನಿಂತಿತು. ತೂಕ ಇಳಿಯುವುದು ನಿಂತರೆ ನೀರು ಹೋಗಿದೆ ಅಂತ ಅರ್ಥ. ಆಮೇಲೆ ಒಂದು ಇಂಚು ಕುತ್ತಿಗೆ ಬಿಟ್ಟು ತಪ್ಪಲು ಕತ್ತರಿಸಿ, ಬೇರು ಸವರಿದೆ.

ಇಷ್ಟು ಖಡಾಖಂಡಿತವಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಮೂರು ವರ್ಷದ ಹಿಂದೆ ಹೀಗೇ ಮಳೆ ಹಿಡಿದಿತ್ತು. ದೀಪಾವಳಿ ಹತ್ತಿರ ಬಂತು, ಮನೆ ಸ್ವಚ್ಛ ಮಾಡಬೇಕಿತ್ತು. ಒಣಗಿದೆ ಅಂದುಕೊಂಡು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೂಲೆಗಿಟ್ಟೆ. ಹದಿನೈದು ದಿನ ಬಿಟ್ಟು ಕೈ ಹಾಕಿದರೆ ಚೀಲದೊಳಗೆ ಬೆಚ್ಚಗಿತ್ತು. ಗಡ್ಡೆಯ ಬುಡದಲ್ಲಿ ನೀಲಿ ಹಸಿರು ಬೂಷ್ಟು, ಸಿಪ್ಪೆ ಸರಿಸಿದರೆ ಕಾಡಿಗೆಯಂಥ ಕರಿ ಪುಡಿ. ಅರ್ಧಕ್ಕರ್ಧ ತಿಪ್ಪೆಗೆ ಹೋಯಿತು. ಬಿತ್ತುವುದಕ್ಕೆ ಅಂತ ಆರಿಸಿಟ್ಟಿದ್ದ ದೊಡ್ಡ ಗಡ್ಡೆಗಳೂ ಅದರಲ್ಲೇ ಇದ್ದವು. ಆ ದಿನ ಊಟ ಸೇರಲಿಲ್ಲ ನನಗೆ.

ಅದಕ್ಕೇ ನೀನು ಕೆಡುವಂಥವನ್ನು ಇವತ್ತೇ ಆರಿಸಿ ಬೇರೆ ಇಟ್ಟುಬಿಡು. ನಿನ್ನ ಫೋಟೋದಲ್ಲಿ ಎಡಗಡೆ ಇರುವ ಏಳೆಂಟು ಗಡ್ಡೆ ಬಾಯಿ ಬಿಟ್ಟಿವೆ, ಎಸಳು ಹೊರಗೆ ಕಾಣುತ್ತಿದೆ. ಅವು ಬಾಳಿಕೆ ಬರುವುದಿಲ್ಲ. ಬೆಳ್ಳುಳ್ಳಿಯ ಒಂದೊಂದು ಎಲೆಯೂ ಕೆಳಗೆ ಒಂದೊಂದು ಸಿಪ್ಪೆಯಾಗಿ ಗಡ್ಡೆಯನ್ನು ಸುತ್ತಿಕೊಂಡಿರುತ್ತದೆ. ಎಲೆ ಕೊಳೆತರೆ ಆ ಸಿಪ್ಪೆಯೂ ಹೋಯಿತು ಅಂತಲೇ. ಮುಂದಿನ ಸಲ ಕೆಳಗಿನ ಮೂರು ನಾಲ್ಕು ಎಲೆ ಒಣಗಿ, ಮೇಲೆ ಐದಾರು ಹಸಿರು ಇರುವಾಗಲೇ ಅಗೆದುಬಿಡು. ಮಳೆ ನಿಲ್ಲಲಿ ಅಂತ ಕಾಯಬೇಡ. ನೆಲ ಹಸಿ ಇದ್ದಾಗ ನಾಲ್ಕು ದಿನ ಮೊದಲೇ ಅಗೆದರೆ ಗಡ್ಡೆ ಸ್ವಲ್ಪ ಸಣ್ಣದಾಗಬಹುದು, ಸಿಪ್ಪೆಯಂತೂ ಉಳಿಯುತ್ತದೆ. ಮಡಿಯನ್ನೂ ಒಂದು ಗೇಣು ಎತ್ತರ ಮಾಡು. ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ.

ಬಾಯಿ ಬಿಟ್ಟ ಗಡ್ಡೆಗಳನ್ನು ಈ ವಾರವೇ ಖಾಲಿ ಮಾಡು. ಹೊಸ ಶೇಂಗಾ ಬಂದಿದೆಯಲ್ಲ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟು. ಉಳಿದದ್ದನ್ನು ಸುಲಿದು ಫ್ರೀಜರ್‌ನಲ್ಲಿಡು. ವೈನಿ, ನೀವು ಹೇಳಿದ ಹಾಗೆ ಹಸಿ ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಮೇಲೆ ಇಡುವುದು ಬೇಡ, ದಯವಿಟ್ಟು. ಎಣ್ಣೆಯೊಳಗೆ ಗಾಳಿ ಆಡುವುದಿಲ್ಲ. ಅಂಥ ಕಡೆ ಬೊಟುಲಿಸಂ ಅನ್ನುವ ಕಾಯಿಲೆ ತರುವ ಜೀವಾಣು ವಿಷ ಮಾಡುತ್ತದೆ. ವಾಸನೆಯಿಂದಲೂ ಗೊತ್ತಾಗುವುದಿಲ್ಲ, ರುಚಿಯಿಂದಲೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಚೆನ್ನಾಗಿ ಒಣಗಿದ್ದನ್ನು ಈರುಳ್ಳಿಯ ಬಲೆ ಚೀಲಕ್ಕೆ ಹಾಕಿ ಗಾಳಿಯಾಡುವ ಕಡೆ ತೂಗುಹಾಕು. ಇಡೀ ಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡ, ಆ ತಂಪಿಗೆ ಮೊಳಕೆ ಬರುತ್ತದೆ. ಬೀಜಕ್ಕೆ ಅಂತ ಎಲ್ಲಕ್ಕಿಂತ ದೊಡ್ಡ, ಗಟ್ಟಿ ಗಡ್ಡೆ ಹದಿನೈದು ಬೇರೆ ಇಡು, ಎಷ್ಟೇ ಆಸೆಯಾದರೂ ಒಗ್ಗರಣೆಗೆ ಮುಟ್ಟಬೇಡ. ನಿನ್ನಲ್ಲಿ ಅಷ್ಟು ಸಿಗದಿದ್ದರೆ ಹೇಳು. ನಮ್ಮ ರಾಣೆಬೆನ್ನೂರಿನ ಜವಾರಿ ಬೀಜ ನನ್ನ ಹತ್ತಿರ ಎರಡು ಕೆಜಿ ಇದೆ. ಮುಂದಿನ ವಾರ ನನ್ನ ತಮ್ಮ ಧಾರವಾಡಕ್ಕೆ ಬರುತ್ತಾನೆ, ಕೊಟ್ಟು ಕಳಿಸುತ್ತೇನೆ. ಈಗ ಹೋಗಿ ಹೊರಸು ಹಾಕು. ಎಂಟು ದಿನ ಬಿಟ್ಟು ಒಂದರ ಕುತ್ತಿಗೆ ಕತ್ತರಿಸಿ ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕು, ನೋಡಿ ಹೇಳುತ್ತೇನೆ.