ಕಲ್ಲು ಕೆತ್ತನೆ, ಲಿನೋ ಪ್ರಿಂಟ್: ಎರಡರಾಗ ಒಂದು ಬಿಡಬೇಕೇನ್ರಿ?

ಬಾಗಲಕೋಟಿ_ಉಳಿ
ನಮಸ್ಕಾರ್ರೀ ಎಲ್ಲಾರಿಗೂ. ಮೂರು ವರ್ಷ ಆತು ಕಲ್ಲು ಕೆತ್ತಾಕತ್ತು, ಹ್ವಾದ ವರ್ಷದಿಂದ ಲಿನೋಕಟ್ ಹುಚ್ಚು ಹಿಡದೈತಿ, ಅಂದ್ರ ಲಿನೋಲಿಯಂ ಹಾಳಿ ಮ್ಯಾಲೆ ಚಿತ್ರ ಕಡದು ಮಸಿ ಹಚ್ಚಿ ಕಾಗದಕ್ಕ ಒತ್ತೋದು. ಪ್ರೆಸ್ ಇಲ್ಲ, ರಾತ್ರಿ ಕುಂತು ಕಡದು ರೋಲರ್ ಹಾಯ್ಸಿ ಚಮಚದ ಬೆನ್ನಿಲೆ ತಿಕ್ಕಿ ಪ್ರಿಂಟ್ ತಗೀತೀನಿ. ಹಿರ್ಯಾರೊಬ್ರು ಎರಡು ದೋಣ್ಯಾಗ ಕಾಲಿಡಬ್ಯಾಡೋ ತಮ್ಮಾ ಅಂದ್ರು, ಅವತ್ತಿಂದ ಕೈ ಓಡವಲ್ದು. ಎರಡೂ ಮಾಡಿ ದೊಡ್ಡವರಾದವ್ರು ಯಾರರ ಅದಾರೇನ್ರಿ?

ಮಸಿ_ಕೈ_ಬೆಳಗಾವಿ
ಸೋಮನಾಥ ಹೋರ್ ಅವರ ಕೆಲಸ ನೋಡಪಾ ತಮ್ಮಾ. 1921ರಾಗ ಚಿತ್ತಗಾಂಗ್ ಕಡೆ ಹುಟ್ಟಿದವ್ರು, 1943ರ ಬಂಗಾಳದ ಬರಗಾಲ ಕಣ್ಣಾರೆ ಕಂಡು ಹಸದವರ ಚಿತ್ರ ಬರಕೋತ ಹೊಂಟವ್ರು. ಮುಂದ ಮರದ ಅಚ್ಚು, ಎಚಿಂಗ್ (ಲೋಹದ ತಗಡು ಆಸಿಡ್‌ಲೆ ಕೊರದು ತಗ್ಯೋ ಅಚ್ಚು), ಶಾಂತಿನಿಕೇತನದ ಕಲಾಭವನದಾಗ ಪಾಠ. 1970ರ ದಶಕದಾಗ ‘ಗಾಯಗಳು’ ಅಂತ ಒಂದು ಸರಣಿ ಮಾಡಿದ್ರು, ಮಣ್ಣಿನ ಹಾಳಿ ಮ್ಯಾಲೆ ಚಾಕು ಆಡ್ಸಿ ಸೀಳೋದು, ಅದರಿಂದ ಸಿಮೆಂಟಿನ ಅಚ್ಚು ತಗ್ಯೋದು, ಅದರಾಗ ಕಾಗದದ ರೊಜ್ಜು ಒತ್ತೋದು. ಬಿಳೀ ಮ್ಯಾಲೆ ಬಿಳೀ! ಬಾಜೂಕಿಂದ ಬೆಳಕು ಬಿದ್ದಾಗಷ್ಟ ಗಾಯ ಎದ್ದು ಕಾಣತೈತಿ. ಅದನ್ನ ಪ್ರಿಂಟ್ ಅಂತೀಯೋ ಉಬ್ಬುಶಿಲ್ಪ ಅಂತೀಯೋ ನೀನ ಹೇಳು. 1974ರ ಸುಮಾರಿಗೆ ಕಂಚಿಗೆ ಬಂದ್ರು, ಐವತ್ತು ದಾಟಿದ ಮ್ಯಾಲೆ! ಮೇಣದ ಹಾಳಿ ಕತ್ತರ್ಸಿ ಜೋಡಿಸಿ ಎರಕ ಹೊಯ್ಸಿದ್ರು, ಆ ಮೂರ್ತಿಗಳ ಮೈಯಾಗೂ ಅದ ಸೀಳು, ಅದ ಹಸಿವು. ಸಾಮಾನು ಬದಲಾತು, ನೋವು ಬದಲಾಗಲಿಲ್ಲ. ನಂಗ ಅವರಷ್ಟು ಹಿಡದವ್ರು ಯಾರೂ ಇಲ್ಲ.

ಕೆಂಪುಗಲ್ಲು
ಅಣ್ಣಾರ ಹೇಳಿದ್ದು ಖರೇ ಐತಿ. ಇನ್ನೊಂದು ಮಾತು, ಬಾದಾಮಿ ಕಪ್ಪೆ ಅರಭಟ್ಟನ ಶಾಸನ ನೋಡಿಯಲ್ಲ, ಅಂಥಾ ಶಾಸನದ ಪಡಿಯಚ್ಚು ಹೆಂಗ ತಗೀತಾರ ಗೊತ್ತೇನು? ಹಸಿ ಕಾಗದ ಕಲ್ಲಿಗಿ ಹಚ್ಚಿ ಬ್ರಷ್‌ಲೆ ಬಡದು ಅಕ್ಷರದ ತಗ್ಗಿನೊಳಗ ಇಳಸ್ತಾರ, ಆಮ್ಯಾಲೆ ಮಸಿ ತಟ್ಟತಾರ. ಕಡದದ್ದು ಬಿಳೀ ಉಳೀತೈತಿ, ನಿನ್ನ ಲಿನೋದಾಗ ಆದಂಗ, ಆದ್ರ ಇಲ್ಲಿ ಎಡಬಲ ತಿರುವುಮುರುವು ಆಗೂದಿಲ್ಲ. ನೀ ಕೆತ್ತಿದ ಕಲ್ಲಿನ ಮ್ಯಾಲೆ ಮಾಡಿ ನೋಡು, ಶಾಸನದ ಹತ್ರ ಮಾತ್ರ ಮಸಿ ಒಯ್ಯಬ್ಯಾಡ ಮತ್ತ.

ಬಾಗಲಕೋಟಿ_ಉಳಿ
ಅಣ್ಣಾರ, ನಿನ್ನೆ ರಾತ್ರಿ ಮಾಡಿದ್ನಿರಿ! ಅರ್ಧಕ್ಕ ಬಿಟ್ಟಿದ್ದ ಎತ್ತಿನ ಮಾರಿ ಇತ್ತು, ಅದರ ಮ್ಯಾಲೆ ಹಚ್ಚಿದೆ. ಮೂಗಿನ ಹತ್ರ ಕಾಗದ ಹರೀತು, ಆದ್ರ ಕೋಡಿನ ಬುಡದಾಗ ನನ್ನ ಉಳಿ ಗೆರಿ ಒಂದೊಂದೂ ಎದ್ದು ಬಂದಾವ, ನೋಡಿ ಕಣ್ಣಾಗ ನೀರ ಬಂತು. ಹರೀಲಾರದಂಥ ಕಾಗದ ಯಾವ್ದು ತರ್ಲಿ ಹೇಳ್ರಿ, ಶನಿವಾರ ಬೆಳಗಾವಿಗೆ ಬರಾಂವದೀನಿ.